ಕಡತದಲ್ಲಿದ್ದವರ ಮಾತು



1967ರಲ್ಲಿ ಇಂಗ್ಲೆಂಡಿನ ವಿಗನ್ ಬಳಿ ಇಥಿಯೋಪಿಯದ ವಿದ್ಯಾರ್ಥಿನಿಯೊಬ್ಬಳಿಗೆ ಗಂಡುಮಗು ಹುಟ್ಟಿತು. ಸ್ವಲ್ಪ ಕಾಲ ಯಾರಾದರೂ ನೋಡಿಕೊಳ್ಳಲಿ ಎಂದಷ್ಟೇ ತಾಯಿ ಕೇಳಿದ್ದಳು. ಸಮಾಜ ಕಾರ್ಯಕರ್ತ ಮಗುವಿಗೆ ನಾರ್ಮನ್ ಎಂದು ತನ್ನದೇ ಹೆಸರಿಟ್ಟು, ದತ್ತು ಎಂದೇ ತಿಳಿದುಕೊಳ್ಳಿ ಎಂದು ಒಂದು ಕುಟುಂಬಕ್ಕೆ ಒಪ್ಪಿಸಿಬಿಟ್ಟ. ಹನ್ನೆರಡು ವರ್ಷ ಸಾಕಿದ ಮೇಲೆ ಆ ಮನೆಯವರು ಹುಡುಗನನ್ನು ಸರ್ಕಾರಕ್ಕೇ ಹಿಂದಿರುಗಿಸಿದರು. ಮುಂದೆ ಒಂದಾದ ಮೇಲೊಂದು ಮಕ್ಕಳ ಗೃಹ. ಅಲ್ಲಿಂದ ಹೊರಬೀಳುವ ವಯಸ್ಸಿಗೆ ಅವನ ಕೈಸೇರಿದ್ದು ಎರಡು ಕಾಗದ: ಜನನ ಪ್ರಮಾಣಪತ್ರ ಮತ್ತು ಮಗನನ್ನು ವಾಪಸ್ ಕೊಡಿ ಎಂದು 1968ರಲ್ಲೇ ತಾಯಿ ಬರೆದಿದ್ದ ಪತ್ರ. ತನ್ನ ಹೆಸರು ಲೆಮ್ ಸಿಸ್ಸೆ ಎಂಬುದು ಅವನಿಗೆ ಗೊತ್ತಾದದ್ದು ಆಗಲೇ.

ಕವಿಯಾಗಿ ಹೆಸರು ಮಾಡಿದ ಮೇಲೂ ಸಿಸ್ಸೆ, ಅಧಿಕಾರಿಗಳು ತಮ್ಮ ಬಗ್ಗೆ ಬರೆದಿಟ್ಟಿದ್ದ ಕಡತ ಕೇಳುವುದನ್ನು ಬಿಡಲಿಲ್ಲ. ಅದು ಸಿಕ್ಕಿದ್ದು 2015ರಲ್ಲಿ. ಅದೇ ವರ್ಷ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕುಲಾಧಿಪತಿಯಾದರು. 2019ರಲ್ಲಿ ಪ್ರಕಟವಾದ ಅವರ ಆತ್ಮಕಥೆಯಲ್ಲಿ ಆ ಕಡತದ ಹಾಳೆಗಳೇ ಅಚ್ಚಾಗಿವೆ. ಅಧಿಕಾರಿಗಳ ಟಿಪ್ಪಣಿಯ ಪಕ್ಕದಲ್ಲೇ ಅಂದಿನ ಹುಡುಗನ ಉತ್ತರವೂ ಇದೆ. ಕಡತ ಬರೆದವರಿಗೆ ಇಂಥ ಓದುಗ ಎದುರಾಗುತ್ತಾನೆಂಬ ಅಂದಾಜು ಇದ್ದಿರಲಾರದು.

ಸಿಸ್ಸೆ ಒಬ್ಬಂಟಿಯಾಗಿ ಮಾಡಿದ್ದನ್ನು ಬ್ರಿಟನ್ನಿನಲ್ಲಿ ಗುಂಪಾಗಿ ಮಾಡಿದವರೂ ಉಂಟು. 1975ರಲ್ಲಿ ಅಲ್ಲಿನ ನ್ಯಾಷನಲ್ ಚಿಲ್ಡ್ರನ್ಸ್ ಬ್ಯೂರೊ ಸರ್ಕಾರಿ ಪಾಲನೆಯಲ್ಲಿದ್ದ ಮಕ್ಕಳನ್ನೇ ಕರೆಸಿ ಮಾತಾಡಿಸಿತು. ಆ ಮಾತುಗಳು 1977ರಲ್ಲಿ ‘ಹೂ ಕೇರ್ಸ್?’ ಎಂಬ ಪುಸ್ತಕವಾದವು. ಮಕ್ಕಳ ದೂರುಗಳಲ್ಲಿ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಬಟ್ಟೆ ಕೊಳ್ಳಲು ನಗದು ಕೊಡದೆ ಸರ್ಕಾರಿ ಚೀಟಿ ಕೊಡುತ್ತಿದ್ದರು. ಅಂಗಡಿಯಲ್ಲಿ ಆ ಚೀಟಿ ಚಾಚಿದರೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಲೆಕ್ಕಪತ್ರದವರ ದೃಷ್ಟಿಯಲ್ಲಿ ಚೀಟಿ ಅಚ್ಚುಕಟ್ಟಾದ ಏರ್ಪಾಡೇ. ಅದು ಎಲ್ಲಿ ಚುಚ್ಚುತ್ತದೆ ಎಂಬುದು ಕೈಯಲ್ಲಿ ಹಿಡಿದವರಿಗಷ್ಟೇ ಗೊತ್ತು.

1978ರಲ್ಲಿ ಹುಟ್ಟಿದ ‘ಹೂ ಕೇರ್ಸ್? ಸ್ಕಾಟ್ಲೆಂಡ್’ ಸಂಸ್ಥೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಪಾಲನೆಯಲ್ಲಿ ಬೆಳೆದ ಯುವಜನರು ಈ ಸಂಸ್ಥೆಯ ಜೊತೆಗೂಡಿ ಸ್ಕಾಟ್ಲೆಂಡಿನ ಸಂಸತ್ತಿನ ಬಾಗಿಲು ತಟ್ಟಿದರು. ಹದಿನಾರಕ್ಕೇ ಮನೆ ಬಿಡಿಸುವ ಪದ್ಧತಿ ಸಾಕು ಎಂಬುದು ಅವರ ಬೇಡಿಕೆ. 2014ರ ಕಾನೂನು 21 ವರ್ಷದವರೆಗೆ ಇದ್ದಲ್ಲೇ ಇರುವ ಅವಕಾಶ ಕೊಟ್ಟಿತು. 26ರವರೆಗೆ ನೆರವು ಕೇಳುವ ದಾರಿಯನ್ನೂ ತೆರೆಯಿತು. 2016ರ ಅಕ್ಟೋಬರಿನಲ್ಲಿ ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ಇಡೀ ವ್ಯವಸ್ಥೆಯ ಪರಿಶೀಲನೆ ಘೋಷಿಸಿದರು. ಫಿಯೋನಾ ಡಂಕನ್ ಅಧ್ಯಕ್ಷತೆಯ ಆ ಸಮಿತಿ 5,500ಕ್ಕೂ ಹೆಚ್ಚು ಅನುಭವಗಳನ್ನು ಕೇಳಿಸಿಕೊಂಡಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನೆಯಲ್ಲಿರುವ ಮಕ್ಕಳದು, ಅಲ್ಲಿ ಬೆಳೆದು ದೊಡ್ಡವರಾದವರದು, ಕುಟುಂಬಗಳದು.

2020ರ ಫೆಬ್ರುವರಿಯಲ್ಲಿ ಬಂದ ವರದಿಯ ಹೆಸರು ‘ದ ಪ್ರಾಮಿಸ್’. ಜೊತೆಗೆ ಹಣದ ಲೆಕ್ಕವೂ ಬಂತು. ಪಾಲನಾ ವ್ಯವಸ್ಥೆಗೆ ವರ್ಷಕ್ಕೆ 94.2 ಕೋಟಿ ಪೌಂಡ್ ಖರ್ಚು. ಅದು ಕೈಬಿಟ್ಟವರಿಗೆ ಮುಂದೆ ಬೇಕಾಗುವ ಸೇವೆಗಳಿಗೆ ಇನ್ನೂ 87.5 ಕೋಟಿ. ಕಣ್ಣೀರಿಗೆ ಕರಗದ ಹಣಕಾಸು ಇಲಾಖೆಗಳು ಇಂಥ ಲೆಕ್ಕಕ್ಕಾದರೂ ತಲೆ ಎತ್ತಿ ನೋಡುತ್ತವೆ. ಅಣ್ಣ ತಂಗಿಯರನ್ನು ಬೇರೆ ಬೇರೆ ಊರಿಗೆ ಹಂಚಬಾರದು ಎಂಬ ಮಕ್ಕಳ ಹಳೆಯ ಮೊರೆ 2021ರಲ್ಲಿ ಸ್ಥಳೀಯ ಆಡಳಿತಗಳ ಕಾನೂನುಬದ್ಧ ಹೊಣೆಯಾಯಿತು. ವರದಿಯ ಮಾತು ಪೂರ್ತಿ ನಡೆಸಲು ಹಾಕಿಕೊಂಡ ಗಡುವು 2030. ಕೆಲಸ ಗಡುವಿನಷ್ಟು ಚುರುಕಾಗಿ ಸಾಗುತ್ತಿಲ್ಲ ಎಂಬ ತಕರಾರು ಅಲ್ಲಿಯೂ ಇದೆ. ತಕರಾರಿನ ಮುಂದಾಳುಗಳಲ್ಲಿ ಪಾಲನೆಯಲ್ಲಿ ಬೆಳೆದವರೂ ಇದ್ದಾರೆ. ಇರಲೇಬೇಕು.

ಅಮೆರಿಕದ ಒಂದು ಸಂಗತಿ. ಅಲ್ಲಿ ಸಾಕು ಕುಟುಂಬದ ಮಗು ರಾತ್ರಿ ಗೆಳತಿಯ ಮನೆಯಲ್ಲಿ ಮಲಗಬೇಕೆಂದರೆ, ಶಾಲೆಯ ಪ್ರವಾಸಕ್ಕೆ ಹೊರಡಬೇಕೆಂದರೆ ಎಷ್ಟೋ ಕಡೆ ಇಲಾಖೆಯ ಸಹಿ ಬೇಕಿತ್ತು. ಸಹಿ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಹಾಗೆ ಬೆಳೆದವರು ಇದನ್ನು ಬಿಡದೆ ಹೇಳುತ್ತಲೇ ಬಂದರು. 2014ರ ಕೇಂದ್ರ ಕಾನೂನು ಇಂಥ ದಿನನಿತ್ಯದ ತೀರ್ಮಾನವನ್ನು ಸಾಕು ತಂದೆತಾಯಿಗೇ ಬಿಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಯುವಕರದೇ ಸಂಘಟನೆ 1988ರಿಂದ ಇದೆ. 2012ರಿಂದ ಆ ರಾಜ್ಯ ಆಸರೆಯ ವಯಸ್ಸನ್ನು ಹಂತಹಂತವಾಗಿ 21ಕ್ಕೆ ಏರಿಸಿತು.

ಇನ್ನು ನಮ್ಮ ಮನೆಯ ಮಾತು. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಹದಿನೆಂಟು ತುಂಬಿ ಹೊರಬರುವವರಿಗೆ ಆರ್ಥಿಕ ನೆರವಿನ ಅವಕಾಶ ಇಟ್ಟಿದೆ. 2016ರ ಮಾದರಿ ನಿಯಮಗಳ ಪ್ರಕಾರ ಅನುಪಾಲನೆ, ಅಂದರೆ ಹೊರಬಂದ ಮೇಲಿನ ಆಸರೆ, 21ರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ. ಪ್ರತಿ ಮಕ್ಕಳ ಸಂಸ್ಥೆಯಲ್ಲೂ ಮಕ್ಕಳೇ ಸದಸ್ಯರಾದ ಸಮಿತಿಗಳಿರಬೇಕು: 6ರಿಂದ 10, 11ರಿಂದ 15, 16ರಿಂದ 18 ವರ್ಷದವರಿಗೆ ಬೇರೆ ಬೇರೆ. ಅಂದರೆ ಮಾತಾಡುವ ಅಭ್ಯಾಸ ಆರನೇ ವಯಸ್ಸಿಗೇ ಶುರುವಾಗಲಿ ಎಂಬುದು ನಿಯಮದ ಆಶಯ. ಆ ಸಭೆಗಳ ಪುಸ್ತಕದಲ್ಲಿ ಬರೆದದ್ದನ್ನು ಓದುವವರು ಯಾರು, ಓದಿ ಮಾಡುವುದೇನು ಎಂಬುದನ್ನು ಇಲ್ಲಿರುವ ಅಧೀಕ್ಷಕರು ಹೇಳಬೇಕು.

ನಮ್ಮ ಸಮ್ಮೇಳನಗಳದ್ದೂ ಒಂದು ರೂಢಿ ಇದೆ. ಉದ್ಘಾಟನೆಗೆ ಬಾಲಮಂದಿರದ ಹಳೆಯ ವಿದ್ಯಾರ್ಥಿಯೊಬ್ಬರನ್ನು ಕರೆಸುತ್ತೇವೆ. ಅವರ ಕಥೆಗೆ ಸಭೆ ಕಣ್ಣೊರೆಸಿಕೊಳ್ಳುತ್ತದೆ. ಶಾಲು, ಹಾರ, ಫಲತಾಂಬೂಲ, ಒಂದು ಫೋಟೊ. ಊಟವಾದ ಮೇಲೆ ನಿರ್ಣಯ ಬರೆಯುವ ಕೋಣೆಗೆ ನಾವು ನಾವೇ ಹೋಗುತ್ತೇವೆ. ಅವರು ಬಸ್ ನಿಲ್ದಾಣಕ್ಕೆ.

ಈ ಸಲ ಅದು ಬೇಡ. ನಾಳೆ ಬೆಳಿಗ್ಗೆ ಸೇರುವ ಕರಡು ಸಮಿತಿಯ ಅರ್ಧ ಸ್ಥಾನಗಳು ಬಾಲಮಂದಿರ ಮತ್ತು ಸಾಕು ಕುಟುಂಬಗಳಲ್ಲಿ ಬೆಳೆದ ಪ್ರತಿನಿಧಿಗಳಿಗೆ ಇರಲಿ. ತಜ್ಞರಿಗೆ ಕೊಡುವ ಪ್ರಯಾಣ ಭತ್ಯೆ, ದಿನಭತ್ಯೆಯನ್ನೇ ಅವರಿಗೂ ಕೊಡಬೇಕು. ಕೆಲಸಕ್ಕೆ ರಜೆ ಹಾಕಿ ಬಂದವರು ಅವರಲ್ಲೂ ಇದ್ದಾರೆ. ಖಜಾಂಚಿಯವರು ದಯವಿಟ್ಟು ಗುರುತು ಹಾಕಿಕೊಳ್ಳಲಿ. ಮೊದಲ ಗೋಷ್ಠಿಯನ್ನು ಆರಂಭಿಸಬಹುದು.