ಅರ್ಧ ದಿನದ ಮಸುಕು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಆಡಿದ ಮಾತು)



ವಿದ್ಯಾರ್ಥಿವೇತನ ಪಡೆದ ಎಲ್ಲರಿಗೂ ಅಭಿನಂದನೆ. ಓದಿನ ಬಗ್ಗೆ ಹಿರಿಯರು ಹೇಳಿದ್ದಾರೆ. ನಾನು ಓದುವ ಕಣ್ಣಿನ ಬಗ್ಗೆ ಎರಡು ಮಾತು ಹೇಳುತ್ತೇನೆ.

ನನಗೆ ಸಕ್ಕರೆ ಕಾಯಿಲೆ ಬಂದು ಹಲವು ವರ್ಷಗಳಾದವು. ಕಣ್ಣು ತೋರಿಸಲು ಹೋದಾಗಲೆಲ್ಲ, "ಹನಿ ಹಾಕಬೇಡಿ, ಸ್ಕೂಟರಿನಲ್ಲಿ ಮನೆಗೆ ಹೋಗಬೇಕು" ಎಂದು ಹೇಳಿ ಕನ್ನಡಕದ ನಂಬರು ಮಾತ್ರ ಬರೆಸಿಕೊಂಡು ಬರುತ್ತಿದ್ದೆ. ಅಕ್ಷರ ಸ್ಪಷ್ಟವಾಗಿ ಕಾಣುತ್ತಿತ್ತು. ಕಣ್ಣು ಚೆನ್ನಾಗಿದೆ ಎಂದುಕೊಂಡಿದ್ದೆ. ಕೊನೆಗೆ ಮಗಳು ಜೊತೆಗೆ ಬಂದು ಹನಿ ಹಾಕಿಸಿದಳು. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ರಕ್ತ ಒಸರಿದ ಗುರುತುಗಳಿದ್ದವು. ಲೇಸರ್ ಚಿಕಿತ್ಸೆಯಾಯಿತು. ಅಲ್ಹಮ್ದುಲಿಲ್ಲಾಹ್, ಇಂದು ಈ ಕಾಗದ ನೋಡಿ ಓದುತ್ತಿದ್ದೇನೆ.

ಆ ಹನಿ ಮಾಡುವುದೇನು? ಬೆಳಕು ಬಿದ್ದೊಡನೆ ಕಣ್ಣಿನ ಪಾಪೆ ಕುಗ್ಗುತ್ತದೆ. ವೈದ್ಯರು ಒಳಗೆ ನೋಡಲು ಬೆಳಕು ಬಿಡಲೇಬೇಕು. ಬಿಟ್ಟರೆ ಕಿಟಕಿಯೇ ಕಿರಿದಾಗುತ್ತದೆ. ಟ್ರಾಪಿಕಮೈಡ್ ಎಂಬ ಔಷಧ ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ಸಡಿಲಿಸುತ್ತದೆ. ಹಾಕುವಾಗ ಸ್ವಲ್ಪ ಉರಿಯುತ್ತದೆ. 20-30 ನಿಮಿಷದಲ್ಲಿ ಪಾಪೆ ಅಗಲವಾಗುತ್ತದೆ. ಸಾಮಾನ್ಯವಾಗಿ 4ರಿಂದ 6 ಗಂಟೆ ಹತ್ತಿರದ ಅಕ್ಷರ ಮಸುಕು, ಬಿಸಿಲು ಚುಚ್ಚುತ್ತದೆ. ಆಮೇಲೆ ತಾನಾಗಿ ಸರಿಹೋಗುತ್ತದೆ.

ಮಕ್ಕಳ ಕಣ್ಣು ಹತ್ತಿರಕ್ಕೆ ಬೇಗ ಹೊಂದಿಕೊಂಡು ನಿಜವಾದ ನಂಬರನ್ನು ಮರೆಮಾಡುತ್ತದೆ. ಅದಕ್ಕೆ ಅವರಿಗೆ ಕೆಲವೊಮ್ಮೆ ಅಟ್ರೊಪಿನ್ ಹಾಕುತ್ತಾರೆ. ಅದರ ಪರಿಣಾಮ ಒಂದೆರಡು ವಾರವೂ ಉಳಿಯಬಹುದು. ಆದ್ದರಿಂದ ಪರೀಕ್ಷೆ ಹತ್ತಿರವಿದ್ದಾಗ ಬೇಡ, ರಜೆಯಲ್ಲಿ ತೋರಿಸಿ. ಶಾಲೆ ಇದ್ದರೆ ಮೇಷ್ಟ್ರಿಗೆ ಚೀಟಿ ಬರೆದು ಕಳುಹಿಸಿ. ಬೋರ್ಡು ಕಾಣದ ಮಗುವನ್ನು ದಡ್ಡನೆಂದು ಗದರಿದ ತಪ್ಪು ನನ್ನಿಂದಲೂ ಆಗಿದೆ.

ಹನಿ ಹಾಕಿಸುವ ದಿನ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ವಾಹನ ಓಡಿಸಬೇಡಿ. ಕಪ್ಪು ಕನ್ನಡಕವಿರಲಿ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಹನಿಯ ನಂತರ ಕಣ್ಣು ಕೆಂಪಾಗಿ ತೀವ್ರ ನೋವು, ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಣ್ಣಿನ ಹನಿಯಿಂದ ರೋಜಾ ಮುರಿಯುವುದಿಲ್ಲವೆಂಬುದು ಅನೇಕ ಉಲಮಾಗಳ ಅಭಿಪ್ರಾಯ. ಸಂದೇಹವಿದ್ದರೆ ನಿಮ್ಮ ಇಮಾಮರನ್ನು ಕೇಳಿ.

ಸಕ್ಕರೆ ಕಾಯಿಲೆಯವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣು ತೋರಿಸಬೇಕು. ಮಕ್ಕಳ ಅರ್ಜಿ ತುಂಬಲು ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಅದೇ ರೀತಿ ನಿಮ್ಮ ಕಣ್ಣಿಗೂ ವರ್ಷದಲ್ಲಿ ಅರ್ಧ ದಿನ ಕೊಡಿ. ಮಕ್ಕಳು ಪದವಿ ಪಡೆಯುವುದನ್ನು ನೋಡುವುದು ಆ ಕಣ್ಣುಗಳೇ. ಅಲ್ಲಾಹನು ಎಲ್ಲರ ದೃಷ್ಟಿಯನ್ನೂ ಕಾಪಾಡಲಿ. ವಸ್ಸಲಾಂ.