ಲಾರಿ ಅಣ್ಣನಿಗೂ ಒಂದು ನೆರಳು



ಹೊಲದ ಕೆಲಸ ಮುಗಿಸಿ, ಮನೆಯಲ್ಲಿ ಒಲೆ ಆರಿಸಿ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸೋದಿಲ್ಲ. ಇವತ್ತು ರಸ್ತೆಯ ಮಾತು ಆಡೋಣ.

ನಮ್ಮ ಮಡಕಶಿರದ ರಸ್ತೆ ನಿಮಗೆಲ್ಲ ಗೊತ್ತು. ಕೋಡಿಕೊಂಡದ ಹತ್ತಿರ ಹೊರಡುತ್ತದೆ. ಲೇಪಾಕ್ಷಿ, ಹಿಂದೂಪುರ, ಮಡಕಶಿರ ದಾಟಿ ಶಿರಾ ಕಡೆಗೆ ಹೋಗುತ್ತದೆ. ಈಗ ಅದು ರಾಷ್ಟ್ರೀಯ ಹೆದ್ದಾರಿ. ನಂಬರು 544ಇ. ಆ ತುದಿಗೆ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ದೊಡ್ಡ ಹೆದ್ದಾರಿ. ಈ ತುದಿಗೆ ದೆಹಲಿಯಿಂದ ಚೆನ್ನೈಗೆ ಹೋಗುವ ಇನ್ನೊಂದು. ನಡುವೆ ನಾವಿದ್ದೇವೆ. ಹಿಂದೂಪುರದ ಹುಣಸೆಹಣ್ಣಿನ ಮಂಡಿಗೆ ನಾವು ಕಳಿಸುವ ಸರಕೂ ಲಾರಿಯಲ್ಲೇ ಹೋಗಬೇಕು.

ಆ ಲಾರಿ ಓಡಿಸುವವನು ಎಲ್ಲಿ ಮಲಗುತ್ತಾನೆ? ಯೋಚನೆ ಮಾಡಿದ್ದೀರಾ?

ಹೋದ ಬೇಸಿಗೆಯಲ್ಲಿ ನಾನೊಂದು ಚಹದಂಗಡಿ ಮುಂದೆ ಬಸ್ಸಿಗೆ ಕಾಯ್ತಾ ಇದ್ದೆ. ಒಬ್ಬ ಡ್ರೈವರು ಲಾರಿಯ ಕೆಳಗೆ, ಎರಡು ಚಕ್ರದ ನಡುವೆ, ಟವೆಲ್ ಹಾಸಿ ಮಲಗಿದ್ದ. ಎದ್ದ ಮೇಲೆ ಕೇಳಿದೆ. "ಅಲ್ಲಪ್ಪಾ, ಚಕ್ರದ ಹತ್ರ ಮಲಗ್ತೀಯಲ್ಲ, ಭಯ ಇಲ್ವಾ?" ಅವನು ನಕ್ಕ. "ಭಯ ಇದೆ ಅಣ್ಣಾ. ಆದ್ರೆ ನೆರಳು ಇಲ್ಲಿ ಮಾತ್ರ ಇದೆ" ಅಂದ. ಸ್ನಾನ ಮಾಡಿ ಮೂರು ದಿನ ಆಗಿತ್ತಂತೆ.

ಹಗಲು ಹೀಗೆ. ರಾತ್ರಿ ಇನ್ನೂ ಕಷ್ಟ. ನಿದ್ದೆ ತಡೆಯೋಕೆ ಆಗದೆ ರಸ್ತೆಯ ಅಂಚಿಗೇ ಲಾರಿ ನಿಲ್ಲಿಸುತ್ತಾರೆ. ಹಿಂದೆ ಲೈಟು ಇರೋದಿಲ್ಲ. ಬೈಕಿನಲ್ಲಿ ಬರುವ ನಮ್ಮ ಹುಡುಗನಿಗೆ ಲಾರಿ ಕಾಣೋದಿಲ್ಲ. ನಿಲ್ಲಿಸದೆ ಓಡಿಸಿದರೆ? ಕಣ್ಣು ಒಂದು ಗಳಿಗೆ ಮುಚ್ಚಿದರೂ ಸಾಕು, ಲಾರಿ ಯಾರ ಮೇಲೆ ಹೋಗುತ್ತದೋ ಹೇಳೋಕಾಗಲ್ಲ. ಆದ್ದರಿಂದ ಇದು ಡ್ರೈವರ ಕಷ್ಟ ಮಾತ್ರ ಅಲ್ಲ.

ದಾರಿಹೋಕರಿಗೆ ಜಾಗ ಮಾಡಿಕೊಡೋದು ನಮಗೆ ಹೊಸದೇನಲ್ಲ. ಬೇಸಿಗೆ ಬಂದರೆ ಅರವಟಿಗೆ ಇಡುತ್ತೇವೆ. ಛತ್ರ ಕಟ್ಟಿಸಿದವರನ್ನು ಇವತ್ತಿಗೂ ನೆನೆಯುತ್ತೇವೆ. ಗುತ್ತಿಯ ಹತ್ತಿರ ಎರ್ರಗುಡಿಯಲ್ಲಿ ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಶಾಸನ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು. ದಾರಿಯ ಪಕ್ಕ ಬಾವಿ ತೋಡಿಸಿದ್ದೇವೆ, ಮರ ನೆಡಿಸಿದ್ದೇವೆ, ಮನುಷ್ಯರಿಗೂ ದನಕರುಗಳಿಗೂ ಆಗಲಿ ಅಂತ, ಎಂಬ ಅರ್ಥದ ಮಾತು ಅದರಲ್ಲಿದೆ. ಆಗ ಎತ್ತಿಗೂ ಕೂಡ ನೆರಳಿನ ಲೆಕ್ಕ ಇತ್ತು ನೋಡಿ.

ಸ್ವತಂತ್ರ ಬಂದ ಮೇಲೆ, 1961ರಲ್ಲಿ, ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂತು. ಐದು ಗಂಟೆ ದುಡಿದವನಿಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು, ರಾತ್ರಿ ತಂಗುವ ಕಡೆ ಮಾಲೀಕರು ವಿಶ್ರಾಂತಿ ಕೋಣೆ ಕೊಡಬೇಕು ಅಂತ ಅದರಲ್ಲಿತ್ತು. ಒಳ್ಳೆಯ ಮಾತೇ. ಆದರೆ ಐದು ಜನಕ್ಕಿಂತ ಕಡಿಮೆ ಕೆಲಸಗಾರರು ಇರುವ ಕಡೆ ಆ ಕಾಯ್ದೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಸಾಲ ಮಾಡಿ ಒಂದು ಲಾರಿ, ಎರಡು ಲಾರಿ ಇಟ್ಟವರೇ ನಮ್ಮಲ್ಲಿ ಬಹಳ. ಅವರ ಡ್ರೈವರು ಲಾರಿಯ ಕೆಳಗೇ ಉಳಿದ.

ಈಗ ಸ್ವಲ್ಪ ಬದಲಾವಣೆ ಬರ್ತಾ ಇದೆ. 2024ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿಯವರು ಒಂದು ಮಾತು ಹೇಳಿದರು. ಹೆದ್ದಾರಿಗಳಲ್ಲಿ ಡ್ರೈವರುಗಳಿಗಾಗಿ ಮೊದಲ ಹಂತದಲ್ಲಿ 1000 ಕಟ್ಟಡ ಕಟ್ಟುತ್ತೇವೆ ಎಂದು. ಊಟ, ಕುಡಿಯುವ ನೀರು, ಶೌಚಾಲಯ, ಗಾಡಿ ನಿಲ್ಲಿಸುವ ಜಾಗ, ಮಲಗುವ ಜಾಗ, ಎಲ್ಲ ಒಂದೇ ಕಡೆ. ಸರಕಾರಿ ತೈಲ ಕಂಪನಿಗಳೂ ಪೆಟ್ರೋಲ್ ಬಂಕುಗಳಲ್ಲಿ 'ಅಪ್ನಾ ಘರ್' ಅಂತ ತಂಗುದಾಣ ಮಾಡುತ್ತಿವೆ. ಅಪ್ನಾ ಘರ್ ಅಂದರೆ ನಮ್ಮ ಮನೆ. ಹಾಸಿಗೆ ಇದೆ, ಸ್ನಾನಕ್ಕೆ ಜಾಗ ಇದೆ, ಸ್ವಂತ ಅಡುಗೆ ಮಾಡಿಕೊಳ್ಳೋಕೂ ಜಾಗ ಇದೆ. 2025ರ ಜುಲೈ ಹೊತ್ತಿಗೆ ದೇಶದಲ್ಲಿ 368 ಕಡೆ ಇಂಥ ತಂಗುದಾಣ ಆಗಿದ್ದವು. ಹಾಸಿಗೆ ಒಟ್ಟು 4,611. ಇಷ್ಟು ದೊಡ್ಡ ದೇಶಕ್ಕೆ ಇದು ಏನೇನೂ ಸಾಲದು. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ತಂಪು ಮಾಡುವ ಏಸಿ ಕಡ್ಡಾಯ ಆಗಿದೆ. ಸಂತೋಷ. ಆದರೆ ಏಸಿಯಲ್ಲಿ ಕೂತರೂ ನಿದ್ದೆ ನಿದ್ದೆಯೇ. ಬೆನ್ನು ಚಾಚೋಕೆ ಜಾಗ ಬೇಕು.

ಅಪ್ನಾ ಘರ್‌ನಲ್ಲಿ ಹಾಸಿಗೆ ಹಿಡಿಯೋದು ಮೊಬೈಲಿನಲ್ಲಿ. ಓದು ಬಾರದ ಡ್ರೈವರು ಏನು ಮಾಡಬೇಕು? ನಿಮ್ಮ ಮನೆಯಲ್ಲಿ ಲಾರಿಗೆ ಹೋಗುವ ಮಗ, ತಮ್ಮ ಇದ್ದರೆ ಅವನನ್ನೂ ಈ ತರಗತಿಗೆ ಕರೆತನ್ನಿ.

ಹೆಂಗಸರು ನನ್ನನ್ನು ಕೇಳಬಹುದು. "ಸಾರ್, ಬಸ್ಸಿನಲ್ಲಿ ಹೋಗುವ ನಮ್ಮ ಗತಿ ಏನು?" ನಿಜ. ಗಂಡಸರು ಮರದ ಹಿಂದೆ ಹೋಗ್ತಾರೆ. ನೀವು ನೀರು ಕುಡಿಯದೆ ಪ್ರಯಾಣ ಮಾಡ್ತೀರಿ. ಒಂದು ವಿಷಯ ನೆನಪಿಡಿ. ಸರಕಾರಿ ತೈಲ ಕಂಪನಿಗಳ ಬಂಕಿನಲ್ಲಿ ಕುಡಿಯುವ ನೀರು, ಶೌಚಾಲಯ, ಚಕ್ರಕ್ಕೆ ಗಾಳಿ ಉಚಿತವಾಗಿ ಕೊಡಬೇಕು ಅಂತ ನಿಯಮ ಇದೆ. ಬೀಗ ಹಾಕಿದ್ದರೆ ಬೀಗದ ಕೈ ಕೇಳಿ. ಕೊಡದಿದ್ದರೆ ದೂರು ಪುಸ್ತಕ ಕೇಳಿ. ಈಗ ನಿಮಗೆ ಬರೆಯೋಕೆ ಬರುತ್ತೆ.

ನಮ್ಮ ರಸ್ತೆಯ ಪಕ್ಕ ತಂಗುದಾಣ ಬಂದರೆ ಏನು ಕೇಳಬೇಕು? ಹೆಂಗಸರಿಗೆ ಬೇರೆ ಶೌಚಾಲಯ, ಒಳಗಿನಿಂದ ಚಿಲಕ, ರಾತ್ರಿ ದೀಪ ಕೇಳಬೇಕು. ನಮ್ಮ ಸಂಘದ ಹೆಂಗಸರಿಗೆ ಮುದ್ದೆ, ಸಾರು ಮಾಡಿ ಮಾರೋಕೆ ಒಂದು ಅಂಗಡಿ ಕೇಳಬೇಕು. ಬೋರ್ಡು ತೆಲುಗಿನ ಜೊತೆ ಕನ್ನಡದಲ್ಲೂ ಇರಲಿ ಅಂತ ಕೇಳಬೇಕು. ಈ ಕಡೆ ಓಡಾಡುವವರು ಎರಡೂ ಭಾಷೆಯವರು.

ಇನ್ನೊಂದು ನಂಬರು ಹೇಳಿ ಮುಗಿಸ್ತೀನಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಅಪಘಾತ ಆದರೆ, ಕತ್ತಲಲ್ಲಿ ಲಾರಿ ಕೆಟ್ಟು ನಿಂತಿದ್ದರೆ, 1033ಕ್ಕೆ ಫೋನ್ ಮಾಡಿ. ದುಡ್ಡು ಬೀಳೋದಿಲ್ಲ. ಹಗಲು ರಾತ್ರಿ ಎತ್ತುತ್ತಾರೆ. ಈಗ ಸ್ಲೇಟು ತೆಗೆಯಿರಿ. ನೀರು, ನೆರಳು, ತಂಗುದಾಣ ಅಂತ ಬರೆಯಿರಿ. ಅದರ ಕೆಳಗೆ 1033.