ಎಣ್ಣೆ ಎಲ್ಲಿಗೆ ಹೋಗ್ತಿದೆ? ಜಾಗ್ವಾರ್ ಇ-ಟೈಪ್‌ನ ಹಿಂದಿನ ಡಿಫರೆನ್ಷಿಯಲ್



ಇವತ್ತು ಮಾತಾಡೋದು ಒಂದು ಕಾರಿನ ಒಂದೇ ಭಾಗದ ಬಗ್ಗೆ. ಕಾರು ಜಾಗ್ವಾರ್ ಇ-ಟೈಪ್, 1961ರಲ್ಲಿ ಜಿನೀವಾ ಮೋಟಾರ್ ಷೋನಲ್ಲಿ ಹೊರಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಭಾಗ, ಅದರ ಹಿಂದಿನ ಡಿಫರೆನ್ಷಿಯಲ್. ಪುಣೆಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರ ಹತ್ತಿರ 4.2 ಲೀಟರ್ ಇ-ಟೈಪ್ ಒಂದಿದೆ. ವಾರದ ಐದು ದಿನ ನಾನು ಕೋಡ್ ಬರೆಯೋನು. ಶನಿವಾರ, ಭಾನುವಾರ ಅವರ ಮೆಕ್ಯಾನಿಕ್ ಜೊತೆ ಸ್ಪ್ಯಾನರ್ ಹಿಡೀತೀನಿ. ಅಲ್ಲಿ ಕಲಿತದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಮೊದಲು ಇದರ ಕೆಲಸ ಏನು ಅಂತ ನೋಡೋಣ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಗಟ್ಟಿ ಶಾಫ್ಟಿಗೆ ಕಟ್ಟಿದರೆ ಯಾವುದೋ ಒಂದು ಚಕ್ರ ಉಜ್ಜಿಕೊಂಡು ಹೋಗುತ್ತೆ. ಇಂಜಿನ್ನಿನ ಶಕ್ತಿಯನ್ನ ಎರಡೂ ಚಕ್ರಕ್ಕೆ ಕೊಟ್ಟು, ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದು ಡಿಫರೆನ್ಷಿಯಲ್. ಒಳಗೆ ಚಿಕ್ಕ ಪಿನಿಯನ್ ದೊಡ್ಡ ಕ್ರೌನ್ ವೀಲನ್ನ ತಿರುಗಿಸುತ್ತೆ. ಪಿನಿಯನ್ ಕೂತಿರೋದು ಕ್ರೌನ್ ವೀಲಿನ ನಡುಮಟ್ಟಕ್ಕಿಂತ ಕೆಳಗೆ. ಹಾಗಾಗಿ ಹಲ್ಲುಗಳು ಉರುಳೋದರ ಜೊತೆಗೆ ಒಂದರ ಮೇಲೊಂದು ಜೋರಾಗಿ ಜಾರುತ್ತವೆ. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆಯ ಪದರ ಹರಿದು ಹೋಗುತ್ತೆ. ಅದಕ್ಕೇ ಗಂಧಕ, ರಂಜಕದ ಅಂಶ ಇರುವ ಹೈಪಾಯ್ಡ್ ಇಪಿ 90 ಎಣ್ಣೆ ಬೇಕು. ಅದರ ಕೆಟ್ಟ ವಾಸನೆಗೂ ಗಂಧಕವೇ ಕಾರಣ. ಇ-ಟೈಪ್‌ಗೆ ಹಿಡಿಸೋದು ಸುಮಾರು ಒಂದೂವರೆ ಲೀಟರ್.

ಇಲ್ಲಿವರೆಗೆ ಇದು ಯಾವ ಹಳೇ ಗಾಡಿಯ ಕಥೆಯೂ ಆಗಬಹುದು. ಇ-ಟೈಪ್‌ನಲ್ಲಿ ವ್ಯತ್ಯಾಸ ಇರೋದು ಹಿಂದಿನ ಬ್ರೇಕ್ ಡಿಸ್ಕುಗಳ ಜಾಗದಲ್ಲಿ. ಅವು ಚಕ್ರದ ಪಕ್ಕ ಇಲ್ಲ. ಡಿಫರೆನ್ಷಿಯಲ್ಲಿನ ಎರಡು ಮಗ್ಗುಲಿಗೆ, ಅದರಿಂದ ಶಾಫ್ಟ್ ಹೊರಬರುವ ಬಾಯಲ್ಲೇ ಕೂತಿವೆ. ಚಕ್ರದ ಜೊತೆ ಕುಣಿಯುವ ತೂಕ ಕಮ್ಮಿ ಆದರೆ ರಸ್ತೆ ಹಿಡಿತ ಚೆನ್ನಾಗಿರುತ್ತೆ ಅನ್ನೋದು ಲೆಕ್ಕ. ಲೆಕ್ಕ ಸರಿಯಾಗೇ ಇದೆ. ಆದರೆ ಅದೇ ಬಾಯಲ್ಲಿ ಎಣ್ಣೆ ತಡೆಯೋ ಒಂದು ರಬ್ಬರ್ ಸೀಲ್ ಇದೆ. ಅದು ಸೋತರೆ ಎಣ್ಣೆ ಹೋಗೋದು ನೇರ ಬ್ರೇಕ್ ಡಿಸ್ಕಿನ ಮೇಲೆ.

ಹೋಗಲಿ, ಹ್ಯಾಂಡ್‌ಬ್ರೇಕ್ ಇದೆಯಲ್ಲ ಅಂತೀರಾ? ಅದರ ಕ್ಯಾಲಿಪರ್ ಬೇರೆ, ಆದರೆ ಹಿಡಿಯೋದು ಅದೇ ಡಿಸ್ಕನ್ನ. ಬ್ಯಾಕಪ್ ಸರ್ವರನ್ನ ಮೇನ್ ಸರ್ವರ್ ಇರೋ ರ್‍ಯಾಕಲ್ಲೇ ಇಟ್ಟ ಹಾಗೆ. ಮುಂದಿನ ಬ್ರೇಕ್ ಉಳಿಯುತ್ತೆ, ನಿಜ. ಆದರೆ ಹಿಂದೆ ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿದರೆ, ಜೋರಾಗಿ ಬ್ರೇಕ್ ಒತ್ತಿದಾಗ ಗಾಡಿ ನೇರ ನಿಲ್ಲೋದಿಲ್ಲ.

ಹೋದ ವರ್ಷ ಆ ಹಿರಿಯರು ಮೊಮ್ಮಗಳನ್ನ ಕೂರಿಸಿಕೊಂಡು ಖಂಡಾಲಾ ಘಾಟ್ ಇಳಿದು ಮುಂಬೈಗೆ ಹೋಗಬೇಕು ಅಂತ ದಿನ ಗೊತ್ತು ಮಾಡಿದ್ದರು. ಹೊರಡೋ ಮುಂಚೆ ನೋಡಿದರೆ ಡಿಫರೆನ್ಷಿಯಲ್‌ನಲ್ಲಿ ಎಣ್ಣೆ ಕಮ್ಮಿ.

"ತುಂಬ್ಸಪ್ಪ, ಸಾಕು. ಹಳೇ ಬ್ರಿಟಿಷ್ ಗಾಡಿ ಅಂದ್ಮೇಲೆ ಸ್ವಲ್ಪ ಸುರಿದೇ ಸುರಿಯುತ್ತೆ" ಅಂದರು.

"ಸರ್, ಸುರೀತಿರೋ ಜಾಗ ಒಂದ್ಸಲ ನೋಡಿ" ಅಂತ ಟಾರ್ಚ್ ಅವರ ಕೈಗೇ ಕೊಟ್ಟೆ. ಎಡಗಡೆ ಡಿಸ್ಕ್ ಒದ್ದೆಯಾಗಿ ಹೊಳೀತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಮ್ಮಗಳಿಗೆ ನೀನೇ ಹೇಳು" ಅಂದರು. ಹೇಳಿದೆ.

ಸೀಲ್ ಬದಲಾಯಿಸೋದು ಸಣ್ಣ ಕೆಲಸ ಅಲ್ಲ. ಡಿಫರೆನ್ಷಿಯಲ್, ಬ್ರೇಕ್, ಸ್ಪ್ರಿಂಗ್ ಎಲ್ಲಾ ಒಂದು ಉಕ್ಕಿನ ಪಂಜರದೊಳಗೆ ಇರತ್ತೆ. ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲ ಬಿಚ್ಚಿ ಆ ಪಂಜರವನ್ನೇ ಕೆಳಗಿಳಿಸಬೇಕು. ಇದಕ್ಕೇ ಮಾಲೀಕರು ಎಣ್ಣೆ ತುಂಬಿಸ್ತಾ ದಿನ ದೂಡೋದು.

ಇಳಿಸಿ ನೋಡಿದಾಗ ಸೀಲ್ ಪ್ಲಾಸ್ಟಿಕ್ ಥರ ಗಟ್ಟಿಯಾಗಿತ್ತು. ಹೊಸದು ಹಾಕಿ ಮುಗಿಸಬಹುದಿತ್ತು. ಆದರೆ ಆ ಕಡೆ ಡಿಸ್ಕ್ ಬಿಸಿಯಲ್ಲಿ ನೀಲಿ ತಿರುಗಿತ್ತು. ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಅಂದರೆ ಬ್ರೇಕ್ ಬಿಡದೆ ಉಜ್ಜಿ, ಡಿಸ್ಕ್ ಕಾದು, ಆ ಕಾವಿಗೆ ಸೀಲ್ ಬೆಂದು, ಕೊನೆಗೆ ಎಣ್ಣೆ ಬಂದು ಬ್ರೇಕನ್ನೇ ಕೆಡಿಸಿತ್ತು. ಸೀಲ್ ಮಾತ್ರ ಬದಲಾಯಿಸಿದ್ದರೆ ಅದೂ ಬೇಯುತ್ತಿತ್ತು. ಎರಡೂ ಕಡೆ ಸೀಲ್, ಕ್ಯಾಲಿಪರ್, ಪ್ಯಾಡು, ಬ್ರೇಕ್ ಹೋಸು, ಶಾಫ್ಟಿನ ಯೂನಿವರ್ಸಲ್ ಜಾಯಿಂಟುಗಳು, ಎಲ್ಲಾ ಒಟ್ಟಿಗೆ ಮಾಡಿದೆವು. ಪಂಜರ ಒಮ್ಮೆ ಇಳಿಸಿದ ಮೇಲೆ ಇದೇ ಉಳಿತಾಯ.

ಈಗ, ಮಾಮೂಲಿ ಎಣ್ಣೆ ಬದಲಾವಣೆಗೆ ನಾನು ಪಾಲಿಸೋ ಕ್ರಮ.

ಒಂದು, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಹಿಂಭಾಗ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಲೆಕ್ಕಕ್ಕಿಲ್ಲ. ಜಾಕ್ ನಂಬಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಕೊಡಿ.

ಎರಡು, ಹೆಚ್ಚಿನ ಇ-ಟೈಪ್‌ಗಳಲ್ಲಿ ಪವರ್-ಲಾಕ್ ಅನ್ನೋ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ. ಹಿಂದಿನ ಒಂದೇ ಚಕ್ರ ಎತ್ತಿ, ಇಂಜಿನ್ ಓಡಿಸಿ ಗೇರ್ ಹಾಕಿದರೆ, ನೆಲದ ಮೇಲಿರೋ ಚಕ್ರ ಗಾಡಿಯನ್ನ ಜಾಕಿನಿಂದ ಬೀಳಿಸಿ ಹೊರಟುಬಿಡುತ್ತೆ. ದಯವಿಟ್ಟು ಇದನ್ನ ಮರೀಬೇಡಿ.

ಮೂರು, ಎಣ್ಣೆ ಇಳಿಸೋ ಬೋಲ್ಟ್ ಮುಟ್ಟೋ ಮೊದಲು ತುಂಬಿಸೋ ಬೋಲ್ಟ್ ಬಿಚ್ಚಿ ನೋಡಿ. ಎಣ್ಣೆ ಎಲ್ಲಾ ಇಳಿಸಿದ ಮೇಲೆ ಅದು ತುಕ್ಕಿಗೆ ಬಿಗಿದುಕೊಂಡಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತಿರುತ್ತೆ.

ನಾಲ್ಕು, ಸ್ವಲ್ಪ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಇಳಿಸಿ. ಇಳಿದ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣುಪು ಪೇಸ್ಟ್ ಬಂದರೆ ವಯಸ್ಸಿನ ಸವೆತ. ಚೂರು, ಚಕ್ಕೆ ಬಂದರೆ ಒಳಗೆ ಹಲ್ಲೋ ಬೇರಿಂಗೋ ಹೋಗ್ತಿದೆ. ಕ್ರೌನ್ ವೀಲ್, ಪಿನಿಯನ್ ಜೋಡಿಯಾಗೇ ಬರುತ್ತವೆ, ಒಂದನ್ನೇ ಬದಲಾಯಿಸೋ ಹಾಗಿಲ್ಲ.

ಐದು, ಗಾಡಿ ಮಟ್ಟವಾಗಿ ನಿಂತಿರುವಾಗ ಎಣ್ಣೆ ತೂತಿನ ಅಂಚಿಗೆ ಬರೋವರೆಗೆ ತುಂಬಿ, ಜಾಸ್ತಿ ಬೇಡ. ಪವರ್-ಲಾಕ್ ಇದ್ದರೆ ಅದಕ್ಕೆ ಹೊಂದುವ ಎಣ್ಣೆಯೇ ಬೇಕು. ಇಲ್ಲದಿದ್ದರೆ ನಿಧಾನ ತಿರುವಿನಲ್ಲಿ ಒಳಗಿನ ಕ್ಲಚ್ ಪ್ಲೇಟುಗಳು ಗರಗರ ಅನ್ನುತ್ತವೆ. ಗಾಳಿ ಬಿಡೋ ಬ್ರೀದರ್ ಮುಚ್ಚಿದ್ದರೆ ಒಳಗಿನ ಒತ್ತಡವೇ ಎಣ್ಣೆಯನ್ನ ಸೀಲ್ ದಾಟಿಸುತ್ತೆ, ಅದನ್ನೂ ಸ್ವಚ್ಛ ಮಾಡಿ.

ಕೊನೆಗೆ ಟಾರ್ಚ್ ಹಿಡಿದು ಎರಡೂ ಡಿಸ್ಕ್ ನೋಡಿ. ಒದ್ದೆ ಇದ್ದರೆ ಎಣ್ಣೆ ತುಂಬಿಸಿ ರಸ್ತೆಗೆ ಇಳೀಬೇಡಿ. ಎಣ್ಣೆ ಕಮ್ಮಿ ಆಗಿದೆ ಅಂದರೆ ಎಲ್ಲಿಗೋ ಹೋಗಿದೆ. ಈ ಕಾರಿನಲ್ಲಿ ಆ "ಎಲ್ಲಿಗೋ" ಬ್ರೇಕ್ ಆಗಿರಬಹುದು.

ಪ್ರಶ್ನೆ ಇದ್ದರೆ ಕೇಳಿ.